ಜಿಪಿಎಸ್ ಕಾಲದಲ್ಲೂ ಹಕ್ಕಿ ಕಾಲಿಗೆ ಉಂಗುರ ಯಾಕೆ ಹಾಕುತ್ತಾರೆ? ಹಕ್ಕಿಗೆ ಹಿಂಸೆ ಆಗಲ್ವಾ?

ನಾನು ಪಕ್ಷಿ ವಿಜ್ಞಾನಿ ಅಲ್ಲ. ಇರೋದು ಬಾಸ್ಟನ್ ಹತ್ತಿರ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವಲಸೆ ಸೀಸನ್‌ನಲ್ಲಿ ರಜೆ ಸಿಕ್ಕಾಗೆಲ್ಲ ಪ್ಲಿಮತ್‌ನಲ್ಲಿ ಹಕ್ಕಿಗಳಿಗೆ ಉಂಗುರ ಹಾಕುವ ಮ್ಯಾನೊಮೆಟ್ ಕೇಂದ್ರಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ಕೆಲಸ ಗುಮಾಸ್ತಿಕೆ: ಉಂಗುರ ಹಾಕುವವರು ಅಂಕಿ ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಮೊದಲು ಜಿಪಿಎಸ್ ವಿಷಯ. ಹದ್ದು, ಕೊಕ್ಕರೆಗಳ ಬೆನ್ನಿಗೆ ಅದನ್ನು ಕಟ್ಟಬಹುದು. ಆದರೆ ಇಲ್ಲಿಗೆ ಬರುವ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಅನ್ನೋ ಪುಟ್ಟ ವಲಸೆ ಹಕ್ಕಿ ಸುಮಾರು 12 ಗ್ರಾಂ ತೂಗುತ್ತದೆ. ಹಕ್ಕಿಯ ತೂಕದ ಶೇ. 3ರಿಂದ 5ಕ್ಕಿಂತ ಜಾಸ್ತಿ ಹೊರಿಸಬಾರದು ಅನ್ನೋದು ರೂಢಿಯ ನಿಯಮ. ಅಂದರೆ ಸಿಗೋದು ಅರ್ಧ ಗ್ರಾಂ ಆಸುಪಾಸು. ಅಷ್ಟರಲ್ಲಿ ಬ್ಯಾಟರಿ, ಆಂಟೆನಾ, ಉಪಗ್ರಹದ ಜೊತೆ ಮಾತು ಎಲ್ಲ ಎಲ್ಲಿ ಹಿಡಿಸಬೇಕು?

ಈ ಹಕ್ಕಿ ಅಟ್ಲಾಂಟಿಕ್ ಮೇಲೆ ಎಲ್ಲೂ ಇಳಿಯದೆ ಹಾರುತ್ತದೆ ಎಂದು ಗಟ್ಟಿಯಾಗಿ ಗೊತ್ತಾಗಿದ್ದು 2015ರಲ್ಲಿ. ಎರಡು ಮೂರು ದಿನದ ಹಾರಾಟ, ಸುಮಾರು 2,300ರಿಂದ 2,800 ಕಿ.ಮೀ. ಅದಕ್ಕೆ ಬಳಸಿದ್ದು ಬರೀ ಬೆಳಕನ್ನು ದಾಖಲಿಸುವ ಪುಟ್ಟ ಸಾಧನ; ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನಿಂದ ಹಕ್ಕಿ ಎಲ್ಲಿತ್ತು ಅಂತ ಲೆಕ್ಕ ಹಾಕುತ್ತಾರೆ. ಅದು ಸಿಗ್ನಲ್ ಕಳಿಸಲ್ಲ. ಮುಂದಿನ ವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಚ್ಚಿಕೊಂಡರಷ್ಟೇ ಲೆಕ್ಕ. ಹಾಗೆ ಮರಳಿ ಸಿಕ್ಕಿದ್ದು ಐದೇ ಐದು ಹಕ್ಕಿ! ಈಗ ಇನ್ನೂ ಹಗುರವಾದ ರೇಡಿಯೋ ಟ್ಯಾಗ್‌ಗಳು ಬಂದಿವೆ; ಅವುಗಳ ಸಿಗ್ನಲ್ ಹಿಡಿಯಲು ಮೋಟಸ್ ಅನ್ನೋ ನೆಲದ ಆಂಟೆನಾಗಳ ಜಾಲ ಇದೆ. ಆ ಟ್ಯಾಗ್ ಕಟ್ಟಬೇಕಾದರೂ ಹಕ್ಕಿ ಮೊದಲು ಬಲೆಗೆ ಬೀಳಲೇಬೇಕು.

ಮ್ಯಾನೊಮೆಟ್ ಇರೋದು ಕೇಪ್ ಕಾಡ್ ಕೊಲ್ಲಿಯ ದಂಡೆಯ ಎತ್ತರದ ಮೇಲೆ. ಕುರುಚಲು ಕಾಡಿನ ಮಧ್ಯೆ 12 ಮೀಟರ್ ಉದ್ದದ ಮಿಸ್ಟ್ ನೆಟ್‌ಗಳು. ನೂಲು ಎಷ್ಟು ತೆಳು ಅಂದರೆ ಪಕ್ಕದಲ್ಲೇ ನಿಂತರೂ ಬಲೆ ಇದೆ ಅಂತ ಗೊತ್ತಾಗಲ್ಲ. ಹಕ್ಕಿ ಬಂದು ತಾಗಿ ಕೆಳಗಿನ ಜೋಲು ಮಡಿಕೆಗೆ ಜಾರುತ್ತದೆ. ಸುತ್ತು ಹಾಕುತ್ತಲೇ ಇರುತ್ತಾರೆ, ಬಿಡಿಸಿ ಬಟ್ಟೆ ಚೀಲದಲ್ಲಿ ತರುತ್ತಾರೆ. ಜಾಸ್ತಿ ಬೀಳೋದು ಬೂದು ಬಣ್ಣದ ಕ್ಯಾಟ್‌ಬರ್ಡ್. ಜಗಳಗಂಟಿ ಅಂದರೆ ಚಿಕಡೀ; ಅಂಗೈಯಷ್ಟೂ ಇಲ್ಲ, ಆದರೆ ಬೆರಳ ಸಂದಿಯ ಚರ್ಮ ಹುಡುಕಿ ಹುಡುಕಿ ಕುಕ್ಕುತ್ತದೆ.

ಉಂಗುರ ಹಾಕೋದು ಕ್ಷಣದ ಕೆಲಸ. ಹಕ್ಕಿಯ ಬೆನ್ನು ಅಂಗೈಗೆ, ಕುತ್ತಿಗೆ ತೋರುಬೆರಳು ಮತ್ತು ನಡುಬೆರಳ ಮಧ್ಯೆ. ಇಕ್ಕಳದಿಂದ ನಂಬರ್ ಇರುವ ಅಲ್ಯೂಮಿನಿಯಂ ಉಂಗುರ ಒತ್ತಿ, ಅದು ಕಾಲಲ್ಲಿ ಸಡಿಲವಾಗಿ ತಿರುಗುತ್ತಾ ಅಂತ ನೋಡುತ್ತಾರೆ. ಈ ಪುಟ್ಟ ಹಕ್ಕಿಗಳ ಉಂಗುರ ಗ್ರಾಮಿನ ಹತ್ತನೇ ಒಂದು ಭಾಗವೂ ಇಲ್ಲ. ನನಗೆ ಇಷ್ಟವಾಗೋದು ಆಮೇಲಿನದು. ರೆಕ್ಕೆ ಅಳೆದು, ಎದೆಯ ಪುಕ್ಕದ ಮೇಲೆ ಉಫ್ ಅಂತ ಊದುತ್ತಾರೆ. ಪುಕ್ಕ ಬೇರೆಯಾಗಿ, ತೆಳು ಚರ್ಮದ ಕೆಳಗೆ ಕುತ್ತಿಗೆಯ ಗುಳಿ ಕಾಣುತ್ತದೆ. ಖಾಲಿ ಇದ್ದರೆ ಕೆಂಪಗಿನ ಮಾಂಸ. ಪ್ರಯಾಣಕ್ಕೆ ತಯಾರಾದ ಬ್ಲ್ಯಾಕ್‌ಪೋಲ್‌ನಲ್ಲಿ ಆ ಗುಳಿ ಪೂರ್ತಿ ತುಂಬಿ, ಹೆಪ್ಪುಗಟ್ಟಿದ ತುಪ್ಪದ ಹಾಗೆ ಹಳದಿ ಕೊಬ್ಬು ಉಬ್ಬಿರುತ್ತದೆ. ಕೊಬ್ಬಿಗೆ ಅಂಕ ಕೊಟ್ಟು, ಕೊಳವೆಯಲ್ಲಿ ತಲೆಕೆಳಗಾಗಿ ಇಳಿಸಿ ತೂಗುತ್ತಾರೆ. ಸಮುದ್ರ ದಾಟುವ ಮೊದಲು 12 ಗ್ರಾಂ ಹಕ್ಕಿ 20 ಗ್ರಾಂ ದಾಟಿರುವುದೂ ಉಂಟು. ಇದನ್ನು ಯಾವ ಬೈನಾಕ್ಯುಲರ್ ತೋರಿಸುತ್ತೆ ಹೇಳಿ?

ಉಂಗುರ ಹಾಕಿದ ಸಣ್ಣ ಹಕ್ಕಿ ದೂರದ ದೇಶದಲ್ಲಿ ಮತ್ತೆ ಸಿಗೋದು ತೀರಾ ಅಪರೂಪ. ಅದೇ ನೆಚ್ಚಿಕೊಂಡು ಯಾರೂ ಕೂತಿಲ್ಲ. ಅಸಲಿ ಬೆಲೆ ಇರೋದು ಅದೇ ಜಾಗ, ಅದೇ ಬಲೆ, ವರ್ಷಾನುಗಟ್ಟಲೆ ಅನ್ನೋದರಲ್ಲಿ. ಮ್ಯಾನೊಮೆಟ್‌ನ 1970ರಿಂದ 2002ರವರೆಗಿನ ಲೆಕ್ಕ ಹಿಡಿದು 32 ಜಾತಿಗಳ ವಸಂತದ ವಲಸೆಯನ್ನು ಅಧ್ಯಯನ ಮಾಡಿದ್ದಾರೆ. 'ಈ ವರ್ಷ ಮೊದಲ ಹಕ್ಕಿ ಯಾವತ್ತು ಕಂಡಿತು' ಅನ್ನೋ ದಿನಾಂಕ ನಂಬಿದರೆ ಮೋಸ ಹೋಗುತ್ತೇವೆ. ಸಂಖ್ಯೆ ಕುಸಿದ ಜಾತಿಯಲ್ಲಿ ಮೊದಲ ಹಕ್ಕಿ ಕಣ್ಣಿಗೆ ಬೀಳೋದೇ ತಡ. ಅದನ್ನು ನೋಡಿ ವಲಸೆಯೇ ತಡವಾಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಸೀಸನ್ ಪೂರ್ತಿ ಬಲೆಗೆ ಬಿದ್ದ ಎಲ್ಲ ಹಕ್ಕಿಗಳ ಸರಾಸರಿ ದಿನಾಂಕ ತೆಗೆದರೆ ಮಾತ್ರ ಹವಾಮಾನದ ಪರಿಣಾಮ ಬಿಡಿಸಿ ನೋಡಲು ಆಗುತ್ತದೆ.

ಹಿಂಸೆಯ ಪ್ರಶ್ನೆಗೆ 'ಏನೂ ಆಗಲ್ಲ' ಅಂತ ಸುಮ್ನೆ ಹೇಳಿದರೆ ಸುಳ್ಳಾಗುತ್ತದೆ. ಹಕ್ಕಿಗೆ ಭಯ ಖಂಡಿತ ಆಗುತ್ತದೆ. ಅಮೆರಿಕ, ಕೆನಡಾದ 22 ಸಂಸ್ಥೆಗಳ ಆರು ಲಕ್ಷಕ್ಕೂ ಹೆಚ್ಚು ದಾಖಲೆ ನೋಡಿದ ಅಧ್ಯಯನದಲ್ಲಿ ಗಾಯವಾದದ್ದು ಶೇ. 0.59, ಸತ್ತದ್ದು ಶೇ. 0.23. ಸಣ್ಣ ಅಂಕಿಯೇ, ಆದರೂ ಸೊನ್ನೆ ಅಲ್ಲ. ಅದಕ್ಕೇ ಮಳೆ ಬಂದರೆ ಬಲೆ ಮುಚ್ಚುತ್ತಾರೆ, ಸುಸ್ತಾದ ಹಕ್ಕಿಯನ್ನು ಅಳತೆ ಗಿಳತೆ ಬಿಟ್ಟು ಹಾರಿಸಿಬಿಡುತ್ತಾರೆ. ಪರವಾನಗಿ ಇಲ್ಲದೆ ಇಲ್ಲಿ ಯಾರೂ ಬಲೆ ಕಟ್ಟುವಂತಿಲ್ಲ. ಫೋಟೋಗೋಸ್ಕರ ಹಕ್ಕಿಯನ್ನು ಒಂದು ನಿಮಿಷ ಜಾಸ್ತಿ ಹಿಡಿದುಕೊಳ್ಳುವುದು ನನಗೆ ಸರಿ ಕಾಣಲ್ಲ.

ನಮ್ಮಲ್ಲೂ ಈ ಕೆಲಸ ಇದೆ. ತಮಿಳುನಾಡಿನ ಕರಾವಳಿಯ ಕೋಡಿಯಕ್ಕರೈನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಉಂಗುರ ಹಾಕುತ್ತಿದ್ದಾರೆ, ಅಲ್ಲಿ ನೀರುಹಕ್ಕಿಗಳು ಜಾಸ್ತಿ. ನಿಮ್ಮ ಊರ ಕೆರೆ ಬದಿಯಲ್ಲಿ ಉಂಗುರ ಇರುವ ಸತ್ತ ಹಕ್ಕಿ ಸಿಕ್ಕರೆ ಉಂಗುರದ ಮೇಲಿನ ಅಕ್ಷರ, ನಂಬರ್ ಪೂರ್ತಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಜಾಗ ಮತ್ತು ದಿನಾಂಕ ಸೇರಿಸಿ ಅವರಿಗೆ ತಿಳಿಸಿ. ಬದುಕಿದ್ದರೆ ಉಂಗುರ ಬಿಚ್ಚಲು ಹೋಗಬೇಡಿ.