ಘಾಟು ಗೊತ್ತಾಗುವುದಿಲ್ಲ ಅಂದರೆ ಹೋಯಿತು ಅಂತಲ್ಲ

ಪ್ರಶ್ನೆ: ಬಿಡಿಭಾಗಗಳಿಗೆ ಪೇಂಟ್ ಹೊಡೆಯುವ ವರ್ಕ್‌ಶಾಪಿನಲ್ಲಿದ್ದೇನೆ. ದಿನವಿಡೀ ಥಿನ್ನರ್ ಪಕ್ಕದಲ್ಲೇ ಕೆಲಸ. ಮೊದಮೊದಲು ಘಾಟು ತಡೆಯಲು ಆಗುತ್ತಿರಲಿಲ್ಲ. ಈಗ ಬೆಳಿಗ್ಗೆ ಹತ್ತು ನಿಮಿಷ ಕಳೆದರೆ ಗೊತ್ತೇ ಆಗುವುದಿಲ್ಲ, ಆದರೆ ಸಂಜೆ ತಲೆನೋವು ಮಾತ್ರ ತಪ್ಪಿಲ್ಲ. ಮಾಲೀಕರು ಎಲ್ಲರಿಗೂ ಮಾಸ್ಕ್ ಕೊಟ್ಟಿದ್ದಾರೆ, ‘ಅಭ್ಯಾಸ ಆಗುತ್ತೆ ಬಿಡು’ ಅನ್ನುತ್ತಾರೆ. ಮಾಸ್ಕ್ ಸಾಕಲ್ವಾ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಸಾಲದು. ಅಭ್ಯಾಸ ಆಗಿರುವುದು ನಿಮ್ಮ ಮೂಗಿಗೆ, ಮೈಗಲ್ಲ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಸುಮ್ನಾಗಿಬಿಡುತ್ತದೆ, ಆವಿ ಮಾತ್ರ ಅಷ್ಟೇ ಒಳಗೆ ಹೋಗುತ್ತಿರುತ್ತದೆ. ಥಿನ್ನರಿನಲ್ಲಿ ಹೆಚ್ಚಾಗಿ ಇರುವುದು ಟಾಲೂಯಿನ್, ಝೈಲೀನ್, ಅಸಿಟೋನ್ ಥರದವು. ತಲೆನೋವು, ತಲೆಸುತ್ತು, ಮಂಪರು ತರುವುದು ಇವೇ. ರಜೆಯ ದಿನ ತಲೆನೋವು ಇರುತ್ತದೆಯೇ ಗಮನಿಸಿ. ಇಲ್ಲ ಅಂದರೆ ಕಾರಣ ವರ್ಕ್‌ಶಾಪಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಡಾಕ್ಟರ ಹತ್ತಿರ ಹೋದಾಗ ಬರೀ ‘ತಲೆನೋವು’ ಅನ್ನಬೇಡಿ, ಕೆಲಸ ಏನು ಅಂತ ಹೇಳಿ, ಡಬ್ಬದ ಲೇಬಲ್ಲಿನ ಫೋಟೋ ತೋರಿಸಿ.

ಇನ್ನು ಆ ಮಾಸ್ಕ್. ಬಟ್ಟೆಯದು, ಧೂಳಿನದು, ಎನ್95 ಯಾವುದೂ ಥಿನ್ನರ್ ಆವಿಯನ್ನು ತಡೆಯುವುದಿಲ್ಲ, ಅವು ಇರುವುದು ಕಣಗಳಿಗೆ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು, ಆ ಇದ್ದಿಲೂ ಹೀರಿ ಹೀರಿ ತುಂಬಿಹೋಗುತ್ತದೆ, ಕಾಲಕಾಲಕ್ಕೆ ಬದಲಿಸಬೇಕು, ಗಡ್ಡ ಇದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇಷ್ಟೆಲ್ಲ ರಗಳೆ ಇರುವುದರಿಂದಲೇ ನಾನು ಮಾಸ್ಕನ್ನು ಕೊನೆಗೆ ಇಡುತ್ತೇನೆ, ಮಾಲೀಕರು ಮೊದಲು ಇಟ್ಟಿದ್ದಾರೆ.

ಮೊದಲು ಕೇಳಬೇಕಾದ್ದು, ಈ ಥಿನ್ನರ್ ಬೇಕೇ ಬೇಕಾ ಅಂತ. ಕೆಲವು ಕೆಲಸಕ್ಕೆ ನೀರಿನಲ್ಲಿ ಕಲಸುವ ಪೇಂಟ್ ನಡೆಯುತ್ತದೆ. ಬೇಕು ಅಂತಾದರೆ ಡಬ್ಬಕ್ಕೆ ಮುಚ್ಚಳ ಹಾಕಿ, ಒರೆಸಿದ ಬಟ್ಟೆಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಹಾಕಿ. ತೆರೆದಿಟ್ಟ ಡಬ್ಬ, ಮೂಲೆಗೆ ಎಸೆದ ಒದ್ದೆ ಬಟ್ಟೆ ದಿನವಿಡೀ ಆವಿ ಬಿಡುತ್ತಲೇ ಇರುತ್ತವೆ, ಮುಚ್ಚಿಡುವುದಕ್ಕೆ ಖರ್ಚೂ ಏನಿಲ್ಲ. ಆಮೇಲೆ ಗಾಳಿ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತಲೆಯ ಮೇಲಿನ ಫ್ಯಾನ್ ಅದನ್ನು ಕಲಕುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಆವಿ ಏಳುವ ಜಾಗದ ಹತ್ತಿರವೇ, ನಿಮ್ಮ ಮುಖ ದಾಟದ ಹಾಗೆ, ಎಳೆದು ಹೊರಹಾಕುವ ಎಕ್ಸಾಸ್ಟ್ ಬೇಕು. ಫ್ಯಾನಿನ ಮೋಟರ್ ಕಿಡಿ ಹಾರದ ಥರದ್ದಾಗಿರಲಿ, ದೂರದಲ್ಲಿ ಯಾರೋ ಬೀಡಿ ಹಚ್ಚಿದರೂ ಈ ಆವಿ ಹೊತ್ತಿಕೊಳ್ಳಬಹುದು.

ಕೆಲಸ ಮುಗಿದ ಮೇಲೆ ಥಿನ್ನರಿನಲ್ಲೇ ಕೈ ತೊಳೆಯುತ್ತೀರಾ? ತೊಳೆಯುತ್ತೀರಿ, ನನಗೆ ಗೊತ್ತು! ಬಿಡಿ ಅದನ್ನ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಪೇಂಟ್ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಸೇರಿಸುವವರಾದರೆ ಇನ್ನೊಂದು ಮಾತು. ಅದರಲ್ಲಿ ಐಸೋಸಯನೇಟ್ ಅನ್ನುವ ಕೆಮಿಕಲ್ ಇದ್ದರೆ ಅಸ್ತಮಾ ಬರಿಸಬಲ್ಲದು. ಒಮ್ಮೆ ಮೈಗೆ ಆಗದೆ ಹೋದರೆ ಆಮೇಲೆ ಚೂರು ಸಾಕು ಉಬ್ಬಸಕ್ಕೆ. ಇದಕ್ಕೆ ಇದ್ದಿಲಿನ ಮಾಸ್ಕನ್ನೂ ನಂಬಿ ಕೂರಬೇಡಿ, ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಕೇಳಿ. ಸರಕಿನ ಜೊತೆ ಸೇಫ್ಟಿ ಡೇಟಾ ಶೀಟ್ ಬರುತ್ತದೆ, 16 ವಿಭಾಗ ಇರುತ್ತವೆ, ಎಲ್ಲ ಓದಬೇಕಿಲ್ಲ. 2ರಲ್ಲಿ ಅಪಾಯ ಏನು, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಯಾವ ಮಾಸ್ಕ್, ಯಾವ ಗ್ಲೌಸ್ ಅಂತ ಇರುತ್ತದೆ. ಮಾಲೀಕರ ಹತ್ತಿರ ಅದನ್ನು ಕೇಳಿ. ಜಗಳವಾಡದೆ ಮಾತು ಶುರು ಮಾಡಲು ಅದೇ ಒಳ್ಳೆಯ ದಾರಿ.

ಪ್ರಶ್ನೆ: ಆಫೀಸಿನ ಶೌಚಾಲಯ ತೊಳೆಯುವಾಗ ಬ್ಲೀಚ್ ಜೊತೆ ಆಸಿಡ್ ಕ್ಲೀನರ್ ಸೇರಿಸಿದೆ. ಕೆಮ್ಮು, ಕಣ್ಣುರಿ ಬಂತು. ಎರಡೂ ಸೇರಿದರೆ ಕಲೆ ಬೇಗ ಹೋಗುತ್ತದೆ ಅಂದಿದ್ದರು.

ಉತ್ತರ: ಎರಡೂ ಸೇರಿದರೆ ಬರುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ಮುಂದೆ ಯಾವತ್ತಾದರೂ ಹಾಗಾದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಓಡಿ, ತೊಳೆದು ಮುಗಿಸುತ್ತೇನೆ ಅಂತ ನಿಲ್ಲಬೇಡಿ. ಉಸಿರಿನ ತೊಂದರೆ ಕೆಲವು ಗಂಟೆ ತಡವಾಗಿಯೂ ಕಾಣಿಸಿಕೊಳ್ಳಬಹುದು, ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಬ್ಲೀಚ್ ಜೊತೆ ಅಮೋನಿಯಾ ಇರುವುದನ್ನೂ ಸೇರಿಸಬಾರದು.

ಪ್ರಶ್ನೆ: ಉಳಿದ ಕೆಮಿಕಲ್ ಅನ್ನು ಖಾಲಿ ನೀರಿನ ಬಾಟಲಿಗೆ ತುಂಬಿಡಬಹುದೇ? ಮೇಲೆ ಹೆಸರು ಬರೆಯುತ್ತೇನೆ.

ಉತ್ತರ: ಬೇಡ. ಬಾಯಾರಿದವರು ಹೆಸರು ಓದುವುದಿಲ್ಲ, ಬಾಟಲಿ ನೋಡುತ್ತಾರೆ.