ಲಕ್ಷ ಉತ್ತರ, ಒಂದು ಸೊನ್ನೆ

ಓದುಗರೊಬ್ಬರ ಪತ್ರ: ‘ಸಂಪಾದಕರೇ, ಸಂಶೋಧನೆ ಮಾಡುವವರು ಮೊದಲು ಲೈಬ್ರರಿಯ ಡೇಟಾಬೇಸ್ (ಸಂಶೋಧನಾ ಲೇಖನಗಳ ಭಂಡಾರ) ತೆರೆಯಬೇಕು, ಗೂಗಲ್ ಆಮೇಲೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಾನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿನಿ. ಪುಸ್ತಕದಲ್ಲಿ ಓದಿದಷ್ಟೇ ಚೆನ್ನಾಗಿ ಪರದೆಯ ಮೇಲೆ ಓದಿದ್ದೂ ಅರ್ಥವಾಗುತ್ತದೆಯೇ ಎಂಬುದು ನನ್ನ ಪ್ರಬಂಧದ ವಿಷಯ. ನಿಮ್ಮ ಮಾತು ನಂಬಿ ಡೇಟಾಬೇಸ್‌ಗೆ ಹೋದೆ. ಲಾಗಿನ್ ಆಗುವಷ್ಟರಲ್ಲೇ ಸಾಕಾಯಿತು. ಪ್ರಶ್ನೆ ಟೈಪ್ ಮಾಡಿದರೆ ಸಿಕ್ಕಿದ್ದು ಸೊನ್ನೆ. ಅದೇ ಪ್ರಶ್ನೆಗೆ ಗೂಗಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ಉತ್ತರ ಕೊಟ್ಟಿತು. ಲೈಬ್ರರಿಗಳು ಇದಕ್ಕೆ ಇಷ್ಟೊಂದು ದುಡ್ಡು ಸುರಿಯುವುದು ಯಾಕೆ? ಇದು ಹಳೇ ಕಾಲದವರ ಹಟ ಅಲ್ವಾ?’

ಹಟ ಇದ್ದರೂ ಇರಲಿ. ನಿಮಗೆ ಸಿಕ್ಕ ಸೊನ್ನೆಯಿಂದಲೇ ಶುರು ಮಾಡೋಣ.

ಸರ್ಚ್ ಎಂಜಿನ್‌ಗೆ ‘ಇಲ್ಲ’ ಎಂದು ಹೇಳಿ ರೂಢಿಯೇ ಇಲ್ಲ. ಏನು ಕೇಳಿದರೂ ಏನಾದರೊಂದು ತಂದು ಮುಂದಿಡುತ್ತದೆ. ಕಾಗುಣಿತ ತಪ್ಪಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ಐದು ಪದ ಕೊಟ್ಟರೆ ಎರಡನ್ನು ಬಿಟ್ಟು ಮೂರಕ್ಕೆ ಹುಡುಕುವುದೂ ಉಂಟು. ಇವರಿಗೆ ಬೇಕಾಗಿರುವುದು ಇದೇ ಇರಬೇಕು ಎಂದು ಊಹೆ ಮಾಡುತ್ತದೆ. ಬಸ್ಸಿನ ವೇಳೆ ನೋಡಲು, ಮರೆತುಹೋದ ಹೆಸರು ನೆನಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪ್ರಬಂಧ ಬರೆಯುವವರಿಗೆ ಮಾತ್ರ ಈ ಧಾರಾಳತನವೇ ತೊಡಕು. ಸಿಕ್ಕಿದ್ದು ನೀವು ಕೇಳಿದ್ದಕ್ಕೋ ಅದು ಊಹಿಸಿದ್ದಕ್ಕೋ ಗೊತ್ತಾಗುವುದಿಲ್ಲ. ಅಂದಹಾಗೆ, ಆ ಲಕ್ಷಗಟ್ಟಲೆ ಎಂಬುದೂ ಬರೀ ಅಂದಾಜು. ಪುಟದ ಮೇಲೆ ಪುಟ ತಿರುಗಿಸುತ್ತಾ ಹೋಗಿ ನೋಡಿ. ಕೆಲವು ನೂರು ದಾಟುವುದರೊಳಗೆ ಮುಗಿದುಹೋಗುತ್ತದೆ.

ಡೇಟಾಬೇಸ್ ಹಾಗಲ್ಲ. ಅದು ಸ್ವಲ್ಪ ಒರಟು. ‘ನೀವು ಕೊಟ್ಟ ಪದಗಳೆಲ್ಲ ಒಟ್ಟಿಗೆ ಇರುವ ದಾಖಲೆ ನನ್ನ ಹತ್ತಿರ ಒಂದೂ ಇಲ್ಲ’ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತದೆ. ಸರಿಯಾಗಿ ಹುಡುಕಿದ ಮೇಲೂ ಸೊನ್ನೆ ಬಂದರೆ ಅದಕ್ಕೆ ಬೆಲೆ ಇದೆ. ‘ಈ ವಿಷಯದಲ್ಲಿ ಇನ್ನೂ ಕೆಲಸ ಆಗಿಲ್ಲ’ ಎಂದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆಯುತ್ತೀರಲ್ಲ, ಅದಕ್ಕೆ ಆಧಾರ ಬೇಕಲ್ಲವೇ? ಇಂಥ ಡೇಟಾಬೇಸ್, ಇಂಥ ಪದಗಳು, ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿವರೆಗೆ, ಇಂಥ ದಿನ ಹುಡುಕಿದೆ, ಸಿಗಲಿಲ್ಲ ಎಂದು ಬರೆಯಬಹುದು. ಇನ್ನೊಬ್ಬರು ಅದೇ ಪದ ಹಾಕಿ ನಿಮ್ಮ ಮಾತು ನಿಜವೇ ಎಂದು ನೋಡಬಹುದು. ಗೂಗಲ್‌ನಲ್ಲಿ ಸಿಗಲಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಅಲ್ಲಿ ನಿಮ್ಮ ಜಾಗ, ನಿಮ್ಮ ಭಾಷೆ, ಹಿಂದೆ ನೀವು ಏನೇನು ನೋಡಿದ್ದೀರಿ ಎಂಬುದರ ಮೇಲೂ ಪಟ್ಟಿ ಬದಲಾಗಬಹುದು. ನನ್ನ ವಾದ ಇರುವುದು ಇಷ್ಟೇ. ದುಡ್ಡು ಕೊಟ್ಟದ್ದು ಒಳ್ಳೆಯದು, ಪುಕ್ಕಟೆಯದ್ದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹುಡುಕಾಟದ ಲೆಕ್ಕ ತೋರಿಸಲು ಬರುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆ.

ಆದರೆ ನಿಮ್ಮ ಸೊನ್ನೆ ಆ ಜಾತಿಯದ್ದಲ್ಲ. ನೀವು ಇಡೀ ವಾಕ್ಯವನ್ನೇ ಟೈಪ್ ಮಾಡಿದ್ದೀರಿ. ಮಾತಾಡಿದಂತೆ ಕೇಳಿದರೂ ಅರ್ಥ ಮಾಡಿಕೊಳ್ಳುವ ಡೇಟಾಬೇಸ್‌ಗಳು ಈಗ ಬಂದಿವೆ ನಿಜ. ಬಹಳಷ್ಟಕ್ಕೆ ಇನ್ನೂ ಪ್ರಶ್ನೆಯನ್ನು ಒಡೆದು ಕೊಡಬೇಕು.

ಒಡೆಯೋಣ. ನಿಮ್ಮ ವಿಷಯದಲ್ಲಿ ಮೂರು ತುಂಡು ಇವೆ: ಓದಿ ಅರ್ಥ ಮಾಡಿಕೊಳ್ಳುವುದು, ಪರದೆ, ಕಾಗದ. ಮೊದಲನೆಯದಕ್ಕೆ ಈ ಕ್ಷೇತ್ರದವರ ಪದ ‘ರೀಡಿಂಗ್ ಕಾಂಪ್ರಹೆನ್ಷನ್’. ಎರಡೂ ಪದ ಅಂಟಿಕೊಂಡೇ ಬರಬೇಕಾದ್ದರಿಂದ ಉದ್ಧರಣ ಚಿಹ್ನೆಯೊಳಗೆ ಹಾಕಿ. ಪರದೆಯನ್ನು ಒಬ್ಬರು ಸ್ಕ್ರೀನ್ ಅಂತಾರೆ, ಇನ್ನೊಬ್ಬರು ಡಿಜಿಟಲ್, ಮತ್ತೊಬ್ಬರು ಟ್ಯಾಬ್ಲೆಟ್ ಅಥವಾ ಇ-ಬುಕ್. ಅಷ್ಟನ್ನೂ ನಡುನಡುವೆ ‘ಆರ್’ ಹಾಕಿ ಒಂದು ಆವರಣದೊಳಗೆ ಕೂರಿಸಿ. ಕಾಗದಕ್ಕೂ ಹಾಗೆಯೇ: ಪ್ರಿಂಟ್ ಆರ್ ಪೇಪರ್. ಆಮೇಲೆ ಮೂರು ತುಂಡುಗಳನ್ನು ‘ಆ್ಯಂಡ್’ ಹಾಕಿ ಜೋಡಿಸಿ. ‘ಆರ್’ ಹಾಕಿದಷ್ಟೂ ಜಾಸ್ತಿ ಸಿಗುತ್ತದೆ, ‘ಆ್ಯಂಡ್’ ಹಾಕಿದಷ್ಟೂ ಕಡಿಮೆ. ಬಹಳಷ್ಟು ಡೇಟಾಬೇಸ್‌ಗಳಲ್ಲಿ, ಇಂಗ್ಲಿಷಿನಲ್ಲಿ ‘ಚೈಲ್ಡ್’ ಎಂದು ಬರೆದು ಕೊನೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಚಿಲ್ಡ್ರನ್, ಚೈಲ್ಡ್‌ಹುಡ್ ಎಲ್ಲ ಒಟ್ಟಿಗೆ ಬರುತ್ತವೆ. ಹಾಗೆಂದು ತೀರಾ ಮೊಟಕು ಮಾಡಬೇಡಿ. ‘ಕ್ಯಾಟ್’ಗೆ ನಕ್ಷತ್ರ ಹಾಕಿದವರ ಮುಂದೆ ಕ್ಯಾಟಲಾಗೂ ಬರುತ್ತದೆ, ಕ್ಯಾಟಗರಿಯೂ ಬರುತ್ತದೆ.

ಮೂರು ತುಂಡಿನ ಆ ಹುಡುಕಾಟವನ್ನು ‘ಎರಿಕ್’ನಲ್ಲಿ ಹಾಕಿ ನೋಡಿ. ಶಿಕ್ಷಣಕ್ಕೆಂದೇ ಇರುವ ಡೇಟಾಬೇಸ್ ಅದು, 1960ರ ದಶಕದಿಂದ ನಡೆದುಬಂದಿದೆ. ಅಮೆರಿಕದ ಶಿಕ್ಷಣ ಇಲಾಖೆ ನಡೆಸುವುದರಿಂದ ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಲಾಗಿನ್ ತಲೆನೋವೂ ಇಲ್ಲ. ಸಿಕ್ಕಿದ ದಾಖಲೆಗಳಲ್ಲಿ ನಿಮ್ಮ ವಿಷಯಕ್ಕೆ ತೀರಾ ಹತ್ತಿರದ್ದೊಂದನ್ನು ತೆರೆಯಿರಿ. ಸಾರಾಂಶ ಓದುವ ಮೊದಲು ‘ಡಿಸ್ಕ್ರಿಪ್ಟರ್ಸ್’ ಎಂಬಲ್ಲಿ ಕಣ್ಣಾಡಿಸಿ. ಆ ಲೇಖನ ಯಾವ ಯಾವ ವಿಷಯಕ್ಕೆ ಸೇರಿದ್ದು ಎಂದು ಡೇಟಾಬೇಸ್‌ನವರು ಹಚ್ಚಿದ ಪದಗಳು ಅವು. ಅವನ್ನೇ ಎತ್ತಿಕೊಂಡು ಮತ್ತೆ ಹುಡುಕಿ. ಎರಡನೇ ಸಲ ಬರುವ ಪಟ್ಟಿ ಬೇರೆಯೇ ಆಗಿರುತ್ತದೆ.

ಈ ವಿಷಯ-ಪದಗಳ ಬಲ ಚೆನ್ನಾಗಿ ಕಾಣುವುದು ವೈದ್ಯಕೀಯದಲ್ಲಿ. ನಾವು ಹಾರ್ಟ್ ಅಟ್ಯಾಕ್ ಅನ್ನುತ್ತೇವೆ, ಡಾಕ್ಟರುಗಳು ಮಯೊಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂದು ಬರೆಯುತ್ತಾರೆ. ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ನೀವು ಮೊದಲನೆಯದನ್ನು ಹಾಕಿದರೂ ಅದು ಎರಡನೆಯದಕ್ಕೂ ಹುಡುಕುತ್ತದೆ. 1960ರಿಂದ ಬೆಳೆಸಿಕೊಂಡು ಬಂದ ಪದಪಟ್ಟಿ ಹಿಂದೆ ಕೂತಿದೆ. ಬಹಳ ಕಾಲ ಈ ಪದಗಳನ್ನು ಮನುಷ್ಯರೇ ಲೇಖನ ಓದಿ ಹಚ್ಚುತ್ತಿದ್ದರು. ಈಗ ಯಂತ್ರ ಹಚ್ಚುತ್ತದೆ, ಮನುಷ್ಯರು ಮೇಲೆ ಕಣ್ಣಿಟ್ಟಿರುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ಹೀಗೆ ಹುಡುಕಿದರೆ 2018ರ ಒಂದು ದೊಡ್ಡ ವಿಶ್ಲೇಷಣೆ ಸಿಗುತ್ತದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, 1.7 ಲಕ್ಷಕ್ಕೂ ಜಾಸ್ತಿ ಓದುಗರನ್ನು ಅದು ಒಟ್ಟಿಗೆ ಹಾಕಿ ನೋಡಿದೆ. ಕಾಗದದ ಮೇಲೆ ಓದಿದವರಿಗೆ ಸ್ವಲ್ಪ ಮೇಲುಗೈ. ಸಮಯದ ಒತ್ತಡ ಇದ್ದಾಗ ಅದು ಇನ್ನಷ್ಟು. ಮಾಹಿತಿ ಕೊಡುವ ಬರಹಗಳಲ್ಲಿ ಅಂತರ ಇದೆ, ಬರೀ ಕಥೆಗಳಲ್ಲಿ ಕಾಣಲಿಲ್ಲ. ಜನರಿಗೆ ಪರದೆ ಅಭ್ಯಾಸವಾದ ಹಾಗೆ ಅಂತರ ಕರಗಬೇಕಿತ್ತು ಅಲ್ವಾ? ವರ್ಷದಿಂದ ವರ್ಷಕ್ಕೆ ಹೆಚ್ಚಿದೆ. ನಿಜ ಹೇಳಬೇಕೆಂದರೆ ಈ ಲೇಖನ ಗೂಗಲ್‌ನಲ್ಲೂ ಸಿಗುತ್ತದೆ. ಅಲ್ಲಿ ಇದರ ಸುತ್ತ ಇರುವುದು ಇದನ್ನೇ ಅರ್ಧಂಬರ್ಧ ಓದಿ ‘ಮೊಬೈಲ್ ಮಿದುಳನ್ನು ತಿನ್ನುತ್ತದೆ’ ಎಂದು ಬರೆದವರ ಸಾಲು. ಡೇಟಾಬೇಸ್‌ನಲ್ಲಿ ಇದರ ಅಕ್ಕಪಕ್ಕ ಇರುವುದು ಇದನ್ನು ಒಪ್ಪದ, ಇದನ್ನು ಬೇರೆ ವಯಸ್ಸಿನವರ ಮೇಲೆ ಪರೀಕ್ಷಿಸಿದ ಅಧ್ಯಯನಗಳು. ನಿಮಗೆ ಪ್ರಬಂಧಕ್ಕೆ ಬೇಕಾದದ್ದು ಆ ಜಗಳ. ಒಂದೇ ಉತ್ತರ ಇಟ್ಟುಕೊಂಡು ಪ್ರಬಂಧ ಬರೆಯಲಾಗದು.

ಇನ್ನು ಪಟ್ಟಿಯಲ್ಲಿ ಯಾವುದು ಮೇಲೆ ಬರಬೇಕೆಂದು ತೀರ್ಮಾನಿಸುವವರು ಯಾರು? ಇದರಲ್ಲೊಂದು ತಮಾಷೆ ಇದೆ. ಯಾವ ಲೇಖನವನ್ನು ಯಾವ್ಯಾವ ಲೇಖನಗಳು ಉಲ್ಲೇಖಿಸಿವೆ ಎಂದು ಲೆಕ್ಕ ಇಡುವ ಸೂಚಿಯನ್ನು ಅಮೆರಿಕದ ಮಾಹಿತಿ ವಿಜ್ಞಾನಿ ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಲೈಬ್ರರಿಯವರಿಗೆಂದು ಮಾಡಿದ ಪುಸ್ತಕ ಅದು. ಹೆಚ್ಚು ಪುಟಗಳು ಕೊಂಡಿ ಕೊಟ್ಟು ಕೈ ತೋರಿಸಿದ ಪುಟ ಹೆಚ್ಚು ಮುಖ್ಯ ಎಂಬ ಗೂಗಲ್‌ನ ಮೂಲ ಉಪಾಯ ಇದೇ ಮನೆತನದ್ದು. ಗೂಗಲ್ ಕಟ್ಟಿದ ಸೆರ್ಗೇ ಬ್ರಿನ್, ಲ್ಯಾರಿ ಪೇಜ್ ಇಬ್ಬರೂ ವಿದ್ಯಾರ್ಥಿಗಳಾಗಿದ್ದಾಗ, 1998ರಲ್ಲಿ, ಬರೆದ ಲೇಖನದಲ್ಲಿ ಇನ್ನೊಂದು ಮಾತೂ ಇದೆ. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆ ವಾಲುತ್ತದೆ, ಬಳಸುವವರ ಕಡೆಗಲ್ಲ ಎಂದು ಅವರೇ ಎಚ್ಚರಿಸಿದ್ದರು. ಮುಂದೇನಾಯಿತು ಎಂದು ನಿಮಗೆ ಗೊತ್ತು.

ಹಾಗಂತ ಡೇಟಾಬೇಸ್ ಎಂದರೆ ವೇದವಾಕ್ಯ ಅಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಒಂದು ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ 24 ವರ್ಷದ ಸ್ವಯಂಸೇವಕಿಯೊಬ್ಬರು ಹೆಕ್ಸಾಮೆಥೋನಿಯಂ ಎಂಬ ಔಷಧಿಯನ್ನು ಉಸಿರಿನ ಮೂಲಕ ಒಳಗೆ ತೆಗೆದುಕೊಂಡರು. ಶ್ವಾಸಕೋಶ ಕೆಟ್ಟು, ಒಂದು ತಿಂಗಳೊಳಗೆ ತೀರಿಕೊಂಡರು. ಸಂಶೋಧಕರು ಹುಡುಕದೆ ಸುಮ್ನೆ ಕೊಟ್ಟಿದ್ದಲ್ಲ. ಪಬ್‌ಮೆಡ್ ನೋಡಿದ್ದರು. ಆಗ ಪಬ್‌ಮೆಡ್‌ನ ದಾಖಲೆಗಳು 1966ರಿಂದ ಈಚಿನವು. ಆ ಔಷಧಿಯಿಂದ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ ಎಂಬ ವರದಿಗಳು ಬಂದದ್ದು 1950ರ ದಶಕದಲ್ಲಿ. ಅವು ಲೈಬ್ರರಿಯ ಅಚ್ಚಾದ ಸೂಚಿಗಳಲ್ಲಿ ಇದ್ದವು. ಆಮೇಲೆ ಹಳೆಯ ದಾಖಲೆಗಳನ್ನೂ ಪಬ್‌ಮೆಡ್‌ಗೆ ಸೇರಿಸುತ್ತಾ ಬಂದರು.

ಈ ಕಥೆ ಕೇಳಿ ಡೇಟಾಬೇಸ್ ನಂಬಬಾರದು ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಯಾವ ಇಸವಿಯಿಂದ, ಯಾವ ಪತ್ರಿಕೆಗಳು ಒಳಗಿವೆ ಎಂದು ಡೇಟಾಬೇಸ್ ಬರೆದಿಟ್ಟಿರುತ್ತದೆ. 1966 ಎಂಬ ಗಡಿ ಗುಟ್ಟೇನೂ ಆಗಿರಲಿಲ್ಲ. ಗಡಿ ಗೊತ್ತಿದ್ದರೆ ಅದರಾಚೆ ಹೋಗಿ ಹುಡುಕಬಹುದು. 1995ರಲ್ಲಿ ಶುರುವಾದ, ಸಂಶೋಧನಾ ಪತ್ರಿಕೆಗಳ ಹಳೆಯ ಸಂಚಿಕೆಗಳ ಡೇಟಾಬೇಸ್ ಜೆಸ್ಟೋರ್‌ನದ್ದು ಉಲ್ಟಾ ಸಮಸ್ಯೆ. ಹಳೆಯ ಸಂಚಿಕೆಗಳು ಲೈಬ್ರರಿಯ ಕಪಾಟು ತುಂಬುತ್ತಿದ್ದವು ಎಂದು ಹುಟ್ಟಿದ್ದು ಅದು. ಅದರಲ್ಲಿ ಮೊದಲ ಸಂಚಿಕೆಯಿಂದ ಸಿಗುತ್ತದೆ, ಆದರೆ ಎಷ್ಟೋ ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷದ್ದು ಇರುವುದಿಲ್ಲ. ಹೊಸ ವಿಷಯದವರು ಅಲ್ಲಿ ಮಾತ್ರ ಹುಡುಕಿ ನಿಲ್ಲಿಸಿದರೆ ಕೆಟ್ಟರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳ ಸಂಶೋಧನೆ ಬಹುತೇಕ ಡೇಟಾಬೇಸ್‌ಗಳಲ್ಲಿ ತೀರಾ ತೆಳ್ಳಗಿದೆ, ಅದೂ ನೆನಪಿರಲಿ.

‘ಪಿಯರ್ ರಿವ್ಯೂಡ್’ (ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ್ದು) ಎಂಬ ಚೌಕಕ್ಕೆ ಟಿಕ್ ಹಾಕಿ ನಿಶ್ಚಿಂತೆಯಾಗಿ ಇರುವವರನ್ನು ನೋಡಿದರೆ ನನಗೆ ನಗು. ಬಹಳ ಕಡೆ ಆ ಟಿಕ್ ನೋಡುವುದು ಪತ್ರಿಕೆಯನ್ನು, ಲೇಖನವನ್ನಲ್ಲ. ಅದೇ ಪತ್ರಿಕೆಯ ಪುಸ್ತಕ ವಿಮರ್ಶೆ, ಸಂಪಾದಕೀಯ, ಓದುಗರ ಪತ್ರ ಎಲ್ಲ ಅದರ ಕೆಳಗೆ ನುಸುಳಿ ಬರಬಹುದು. ಸಂಪಾದಕರು ಬರೆದದ್ದೆಲ್ಲ ಪರಿಶೀಲಿಸಿದ ಸತ್ಯ ಎಂದು ನಾನೇ ಹೇಳಲಾರೆ.

ಪರಿಶೀಲನೆ ಆದದ್ದೂ ಬಿದ್ದುಹೋಗುತ್ತದೆ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ, ಬರೀ 12 ಮಕ್ಕಳ ಮೇಲೆ ನಿಂತಿದ್ದ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಪತ್ರಿಕೆ ಅದನ್ನು ವಾಪಸ್ ಪಡೆಯಿತು. ಪಬ್‌ಮೆಡ್‌ನಲ್ಲಿ ಆ ದಾಖಲೆ ತೆರೆದರೆ ವಾಪಸ್ ಆಗಿದೆ ಎಂಬ ಸೂಚನೆ ಮುಖಕ್ಕೇ ಕಾಣುತ್ತದೆ. ಬೇರೆ ಕಡೆ ಅದರ ಸುದ್ದಿ ಸೂಚನೆ ಇಲ್ಲದೆಯೇ ಓಡಾಡುತ್ತಿದೆ.

ದುಡ್ಡಿನ ಮಾತಿಗೆ ಬಂದರೆ ನಿಮ್ಮ ಸಿಟ್ಟು ನನಗೂ ಇದೆ. ಜನರ ತೆರಿಗೆಯಲ್ಲಿ ನಡೆದ ಸಂಶೋಧನೆಯನ್ನು ಜನರ ಲೈಬ್ರರಿಯೇ ಮತ್ತೆ ಕೊಂಡುಕೊಳ್ಳಬೇಕು ಎಂದರೆ ಹೇಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಸಂಶೋಧನಾ ಪತ್ರಿಕೆಗಳ ಪ್ರಕಾಶಕ ಸಂಸ್ಥೆ ಎಲ್ಸೆವಿಯರ್ ಜೊತೆಗಿನ ಚಂದಾ ಮಾತುಕತೆ ಮುರಿದುಕೊಂಡಿತ್ತು. ತನ್ನವರ ಲೇಖನಗಳು ಎಲ್ಲರಿಗೂ ತೆರೆದಿರಬೇಕು ಎಂಬ ಷರತ್ತಿನ ಹೊಸ ಒಪ್ಪಂದ ಆದದ್ದು 2021ರಲ್ಲಿ. ಆದರೆ ಲೈಬ್ರರಿ ಈಗಾಗಲೇ ದುಡ್ಡು ಕೊಟ್ಟಾಗಿದೆ. ಬಳಸದೆ ಬಿಟ್ಟರೆ ನಷ್ಟ ನಿಮಗೇ.

ಪೂರ್ತಿ ಲೇಖನ ಸಿಗದೆ ಸಾರಾಂಶಕ್ಕೇ ನಿಂತರೆ, ದಯವಿಟ್ಟು ಕಾರ್ಡ್ ತೆಗೆದು ದುಡ್ಡು ಕಟ್ಟಬೇಡಿ. ಅದೇ ಲೇಖನ ಲೈಬ್ರರಿಯ ಇನ್ನೊಂದು ಡೇಟಾಬೇಸ್‌ನಲ್ಲಿ ಇರಬಹುದು. ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲಿ ಪುಕ್ಕಟೆ ಪ್ರತಿ ಇರಬಹುದು. ಇಲ್ಲಿ ಗೂಗಲ್ ಸ್ಕಾಲರ್ ನಿಜಕ್ಕೂ ಉಪಕಾರಿ. 2004ರಿಂದ ಇದೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂದೂ ತೋರಿಸುತ್ತದೆ. ಒಳಗೆ ಯಾವ ಯಾವ ಪತ್ರಿಕೆ ಇದೆ ಎಂದು ಪಟ್ಟಿ ಕೊಡುವುದಿಲ್ಲ ಎಂಬುದೇ ಅದರ ಕೊರತೆ. ಯಾವುದೂ ಆಗದಿದ್ದರೆ ಲೈಬ್ರರಿಯವರನ್ನು ಕೇಳಿ, ಬೇರೆ ಲೈಬ್ರರಿಯಿಂದ ತರಿಸಿಕೊಡುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಲೇಖಕರಿಗೇ ಎರಡು ಸಾಲು ಮೇಲ್ ಬರೆದರೂ ಅನೇಕರು ಖುಷಿಯಿಂದ ಕಳಿಸುತ್ತಾರೆ.

ಚಾಟ್‌ಜಿಪಿಟಿ ಬಗ್ಗೆ ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ತೀರ್ಪುಗಳನ್ನು ನಂಬಿ ಕೋರ್ಟಿಗೆ ಸಲ್ಲಿಸಿದರು. ಅಂಥ ಮೊಕದ್ದಮೆಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಹುಡುಕಲು ಬೇಕಾದ ಪದಗಳನ್ನು ಯೋಚಿಸಲು ಅದರ ಸಹಾಯ ಪಡೆಯಿರಿ, ಬೇಡ ಎನ್ನುವುದಿಲ್ಲ. ಅದು ಹೇಳಿದ ಲೇಖನದ ಹೆಸರನ್ನು ಮಾತ್ರ ಡೇಟಾಬೇಸ್‌ನಲ್ಲಿ ಕಣ್ಣಾರೆ ನೋಡುವವರೆಗೆ ಬರೆದುಕೊಳ್ಳಬೇಡಿ.

ಕೊನೆಗೆ ಲಾಗಿನ್ ವಿಷಯ. ಮನೆಯಿಂದ ನೋಡುವಾಗ ನೇರವಾಗಿ ಡೇಟಾಬೇಸ್‌ನ ಪುಟಕ್ಕೆ ಹೋದರೆ ಅದು ನಿಮ್ಮನ್ನು ಹೊರಗಿನವರು ಎಂದುಕೊಂಡು ದುಡ್ಡು ಕೇಳುತ್ತದೆ. ಲೈಬ್ರರಿಯ ಪುಟದಲ್ಲಿರುವ ಕೊಂಡಿಯಿಂದಲೇ ಒಳಗೆ ಹೋಗಿ. ಲೇಖನ ಸಿಕ್ಕಮೇಲೆ ಬ್ರೌಸರಿನ ಮೇಲ್ಗಡೆಯ ವಿಳಾಸವನ್ನು ಕಾಪಿ ಮಾಡಿ ಇಟ್ಟುಕೊಳ್ಳಬೇಡಿ, ಅದು ಎಷ್ಟೋ ಸಲ ಮರುದಿನ ತೆರೆಯುವುದೇ ಇಲ್ಲ. ದಾಖಲೆಯ ಪಕ್ಕದಲ್ಲಿ ‘ಪರ್ಮಾಲಿಂಕ್’ (ಶಾಶ್ವತ ಕೊಂಡಿ) ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿ ಬಂದದ್ದನ್ನು ಇಟ್ಟುಕೊಳ್ಳಿ. ಅದೂ ಇಲ್ಲದಿದ್ದರೆ ಲೇಖನದ ಡಿಓಐ ಸಂಖ್ಯೆ, ಅಂದರೆ ಆ ಲೇಖನಕ್ಕೇ ಕೊಟ್ಟ ಶಾಶ್ವತ ಗುರುತು, ಬರೆದುಕೊಂಡರೆ ಸಾಕು. ಮೂರು ತುಂಡಿನ ಆ ಹುಡುಕಾಟ ಮಾಡಿ ನೋಡಿ, ಆಗಲೂ ಸೊನ್ನೆ ಬಂದರೆ ನೀವು ಹಾಕಿದ ಪದಗಳನ್ನು ಹಾಕಿದ ಹಾಗೆಯೇ ಬರೆದು ನಮಗೆ ಕಳಿಸಿ.

— ಸಂಪಾದಕ