ಟೈಟಾನ್ 4 ನಿಂತಿದ್ದು ಒಂದು ಚುಕ್ಕೆಯ ತಪ್ಪಿನಿಂದಲೇ?

ಪ್ರಶ್ನೆ: ಅಮೆರಿಕದ ಬೇಹುಗಾರಿಕೆ ಉಪಗ್ರಹಗಳನ್ನು ಹಾರಿಸುತ್ತಿದ್ದ ಟೈಟಾನ್ 4 ರಾಕೆಟ್, ದಶಮಾಂಶದ ಚುಕ್ಕೆ ತಪ್ಪಿ ವಿಫಲವಾಯಿತಂತೆ. ನಿಜವೇ? ಅದಕ್ಕೇ ಅದನ್ನು ನಿಲ್ಲಿಸಿದರೇ?

ಉತ್ತರ: ಚುಕ್ಕೆಯ ಕಥೆ ನಿಜ. ಆದರೆ ಅವತ್ತು ಹೊತ್ತಿದ್ದು ಬೇಹುಗಾರಿಕೆ ಉಪಗ್ರಹವಲ್ಲ, ಮಿಲ್‌ಸ್ಟಾರ್ ಎಂಬ ಮಿಲಿಟರಿ ಸಂಪರ್ಕ ಉಪಗ್ರಹ. 1999ರ ಏಪ್ರಿಲ್ 30ರಂದು ಕೇಪ್ ಕೆನವರಲ್‌ನಿಂದ ಹಾರಿತು. ಮೇಲಿನ ಹಂತವಾದ ಸೆಂಟಾರ್ ಎಷ್ಟು ಉರುಳುತ್ತಿದೆ ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್‌ನಲ್ಲಿ -1.992476 ಎಂಬ ಸಂಖ್ಯೆ ಇರಬೇಕಿತ್ತು. ಯಾರೋ -0.1992476 ಎಂದು ಟೈಪ್ ಮಾಡಿದ್ದರು. ಹತ್ತರಲ್ಲಿ ಒಂದು ಪಾಲು! ತಾನು ಉರುಳುತ್ತಿರುವುದು ಸೆಂಟಾರ್‌ಗೆ ಸರಿಯಾಗಿ ಗೊತ್ತಾಗಲೇ ಇಲ್ಲ. ಹೊರಳಾಡುತ್ತಾ, ನೆಟ್ಟಗಾಗಲು ಇಟ್ಟಿದ್ದ ಇಂಧನವನ್ನೆಲ್ಲ ಸುಮ್ನೆ ಖಾಲಿ ಮಾಡಿಕೊಂಡಿತು. ಉಪಗ್ರಹ ಕೆಲಸಕ್ಕೆ ಬಾರದ ಕಕ್ಷೆ ಸೇರಿತು. ಅಂಕಿ ಯಾಕೋ ಸರಿಯಿಲ್ಲ ಎಂದು ಉಡಾವಣೆಗೆ ಮೊದಲೇ ಕೆಲವರು ಗಮನಿಸಿದ್ದರು. ಮಾತು ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ. ಕೆಳಗಿನ ಟೈಟಾನ್ ಮಾತ್ರ ತನ್ನ ಪಾಲಿನ ಕೆಲಸ ಮುಗಿಸಿತ್ತು. ಪಾಪ, ಹೆಸರು ಕೆಟ್ಟಿದ್ದು ಅದರದ್ದೇ.

ಬೇಹುಗಾರಿಕೆ ಉಪಗ್ರಹ ಕಳೆದುಕೊಂಡಿದ್ದು ಅದಕ್ಕೂ ಮುಂಚೆ, 1998ರ ಆಗಸ್ಟ್ 12ರಂದು. ಹೊದಿಕೆ ಕಿತ್ತುಹೋದ ವೈರ್‌ನಲ್ಲಿ ಶಾರ್ಟ್ ಆಗಿ, ದಾರಿ ತೋರುವ ಕಂಪ್ಯೂಟರಿಗೆ ಕ್ಷಣಕಾಲ ಕರೆಂಟ್ ತಪ್ಪಿತು. ಮತ್ತೆ ಚಾಲೂ ಆದಾಗ ಅದಕ್ಕೆ ದಿಕ್ಕೇ ತಪ್ಪಿತ್ತು. ರಾಕೆಟ್ ಮೂತಿ ಕೆಳಗೆ ಮಾಡಿ, ಹಾರಿದ 40 ಸೆಕೆಂಡಿನ ಆಸುಪಾಸಿನಲ್ಲೇ ಸಿಡಿಯಿತು. ನಷ್ಟ 100 ಕೋಟಿ ಡಾಲರ್‌ಗೂ ಜಾಸ್ತಿ.

ಆದರೆ ನಿಲ್ಲಿಸಿದ್ದು ಇದಕ್ಕಲ್ಲ. 1999ರ ನಂತರ ಟೈಟಾನ್ 4 ಒಮ್ಮೆಯೂ ಸೋಲಲಿಲ್ಲ. ಅದನ್ನು ಮುಳುಗಿಸಿದ್ದು ಖರ್ಚು. ಒಂದು ಉಡಾವಣೆಗೆ 40 ಕೋಟಿ ಡಾಲರ್ ದಾಟುತ್ತಿತ್ತು. ಇಂಧನವೂ ತಲೆನೋವಿನದ್ದೇ: ಏರೋಜಿನ್ 50 ಮತ್ತು ನೈಟ್ರೋಜನ್ ಟೆಟ್ರಾಕ್ಸೈಡ್. ಎರಡೂ ಒಂದಕ್ಕೊಂದು ತಾಗಿದರೆ ಸಾಕು, ಕಿಡಿಯೇ ಬೇಡ, ಹೊತ್ತಿಕೊಳ್ಳುತ್ತವೆ. ಕ್ಷಿಪಣಿಯನ್ನು ವರ್ಷಗಟ್ಟಲೆ ಇಂಧನ ತುಂಬಿಟ್ಟು ಸಿದ್ಧವಾಗಿಡಲು ಇದು ಹೇಳಿ ಮಾಡಿಸಿದ್ದು. ಟೈಟಾನ್ ವಂಶದ ಮೂಲವೂ ಕ್ಷಿಪಣಿಯೇ ಅಲ್ವಾ? ಆದರೆ ಎರಡೂ ವಿಷ. ತುಂಬುವವರು ಮೈಯೆಲ್ಲ ಮುಚ್ಚುವ ಸೂಟ್ ತೊಡಬೇಕು. ನಮ್ಮ ಪಿಎಸ್‌ಎಲ್‌ವಿಯ ಎರಡನೇ ಹಂತದಲ್ಲೂ ಇದೇ ಜಾತಿಯ ಇಂಧನ ಇದೆ.

ಇಷ್ಟು ದುಬಾರಿಯಾದರೂ ಅದನ್ನೇ ನೆಚ್ಚಿಕೊಂಡಿದ್ದೇಕೆ? 1986ರಲ್ಲಿ ಗಗನಯಾತ್ರಿಗಳನ್ನು ಒಯ್ಯುವ ಚಾಲೆಂಜರ್ ಎಂಬ ಬಾಹ್ಯಾಕಾಶ ಷಟಲ್ ದುರಂತಕ್ಕೀಡಾದ ಮೇಲೆ, ಭಾರೀ ಉಪಗ್ರಹಗಳನ್ನು ಷಟಲ್‌ನಲ್ಲೇ ಒಯ್ಯುವ ಯೋಜನೆಯನ್ನು ಅಮೆರಿಕ ಕೈಬಿಟ್ಟಿತು. ಆ ಹೊರೆ ಬಿದ್ದದ್ದು ಇದರ ಮೇಲೆ. 1997ರಲ್ಲಿ ಶನಿಗ್ರಹದತ್ತ ಕ್ಯಾಸಿನಿ ನೌಕೆಯನ್ನು ಕಳಿಸಿದ್ದೂ ಇದೇ ರಾಕೆಟ್.

1989ರಿಂದ ಒಟ್ಟು 39 ಸಲ ಹಾರಿತು. ಕೊನೆಯದು 2005ರ ಅಕ್ಟೋಬರ್ 19ರಂದು, ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ, ಮತ್ತೊಂದು ಬೇಹುಗಾರಿಕೆ ಉಪಗ್ರಹದೊಂದಿಗೆ. ಅದರ ಜಾಗಕ್ಕೆ ಬಂದ ಡೆಲ್ಟಾ 4 ಹೆವಿ ಕೂಡ 2024ರ ಏಪ್ರಿಲ್‌ನಲ್ಲಿ ಕೊನೆಯ ಸಲ ಹಾರಿತು. ಅದು ಹೊತ್ತಿದ್ದೂ ಬೇಹುಗಾರಿಕೆ ಉಪಗ್ರಹವನ್ನೇ.